ಅಟ್ಟದಿಂದ ಇಳಿಸಿದ ಸ್ಪೀಕರ್ ಮಂಕಾಗಿ ಕೇಳಿಸುವುದೇಕೆ? ‘ಮ್ಯಾಗ್ನೆಟ್ ವೀಕ್ ಆಗಿದೆ’ ಎನ್ನುವುದು ನಿಜವೇ?

ಹತ್ತಿಪ್ಪತ್ತು ವರ್ಷ ಅಟ್ಟದ ಮೇಲಿದ್ದ ಸ್ಪೀಕರ್ ಜೋಡಿಯನ್ನು ಕೆಳಗಿಳಿಸಿ, ದೂಳು ಒರೆಸಿ, ಆಂಪ್ಲಿಫೈಯರ್‌ಗೆ ಜೋಡಿಸುತ್ತೀರಿ. ಹಾಡೇನೋ ಬರುತ್ತದೆ, ಆದರೆ ಸ್ಪೀಕರ್‌ಗೆ ಕಂಬಳಿ ಹೊದಿಸಿದಂತಿರುತ್ತದೆ. ಮೃದಂಗ ಕೇಳಿಸುತ್ತದೆ, ತಾಳ ಕೇಳಿಸುವುದಿಲ್ಲ. ಹಾಡುವವರ ‘ಸ’ ಯಾವುದು, ‘ಶ’ ಯಾವುದು ಎಂದು ತಿಳಿಯುವುದಿಲ್ಲ.

ಆಗ ಎರಡು ಸಲಹೆಗಳು ಬರುತ್ತವೆ. ಒಂದು, ‘ಮ್ಯಾಗ್ನೆಟ್ ವೀಕ್ ಆಗಿದೆ, ಗುಜರಿಗೆ ಹಾಕಿ’. ಇನ್ನೊಂದು, ‘ವಾಲ್ಯೂಮ್ ಜೋರು ಮಾಡಿ ಒಂದು ದಿನ ಬಿಡಿ, ತಾನೇ ಸರಿಹೋಗುತ್ತೆ’. ಮೊದಲನೆಯದನ್ನು ಕೇಳಿದರೆ ಒಳ್ಳೆಯ ಸ್ಪೀಕರ್ ಗುಜರಿ ಸೇರುತ್ತದೆ. ಎರಡನೆಯದನ್ನು ಕೇಳಿದರೆ ಉಳಿದಿರುವುದೂ ಸುಟ್ಟುಹೋಗಬಹುದು. ಮಂಕುತನಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಅದನ್ನು ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ, ಒಂದೊಂದಾಗಿ ಹುಡುಕಬಹುದು. ಹೇಗೆಂದು ನೋಡೋಣ.

ಮಂಕು ಎಂದರೆ ಏನು ಕಾಣೆಯಾಗಿದೆ?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಬಲ್ಲದು. ಮೃದಂಗದ ಎಡಭಾಗದ ‘ಧೋಂ’ ತೀರ ಕೆಳಗಿನ ಕಂಪನ. ಮಾತಿನ ಮೂಲ ಸ್ವರ ಗಂಡಸರಲ್ಲಿ, ಹೆಂಗಸರಲ್ಲಿ ಸುಮಾರು 100ರಿಂದ 250 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಆದರೆ ‘ಸ’, ‘ಶ’ ಅಕ್ಷರಗಳ ಸುಯ್ಲು, ಗೆಜ್ಜೆಯ ಝಲ್, ತಾಳದ ಕಿಣಿಕಿಣಿ ಇವೆಲ್ಲ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿರುತ್ತವೆ. ಹಳೆಯ ಲ್ಯಾಂಡ್‌ಲೈನ್ ಫೋನ್ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಹೆಸರು ಬರೆದುಕೊಳ್ಳುವಾಗ ‘ಸೀತಾನಾ, ಗೀತಾನಾ?’ ಎಂದು ಮತ್ತೆ ಮತ್ತೆ ಕೇಳಬೇಕಾಗುತ್ತಿದ್ದುದು ಅದಕ್ಕೇ. ಮಂಕಾದ ಸ್ಪೀಕರ್‌ನಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ಮೇಲಿನ ಕಂಪನಗಳು ಕಾಣೆಯಾಗಿರುತ್ತವೆ.

ಮರದ ಪೆಟ್ಟಿಗೆಯ ಸ್ಪೀಕರ್‌ನಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಘಟಕಗಳಿರುತ್ತವೆ. ದೊಡ್ಡದು ವೂಫರ್, ಕೆಳಗಿನ ಸ್ವರಗಳಿಗೆ. ಚಿಕ್ಕದು ಟ್ವೀಟರ್, ಮೇಲಿನ ಸ್ವರಗಳಿಗೆ. ಮೂರನೆಯದಿದ್ದರೆ ಅದು ಮಧ್ಯದ ಸ್ವರಗಳಿಗೆ. ಬಂದ ಸಂಕೇತವನ್ನು ಇವುಗಳಿಗೆ ಹಂಚಿಕೊಡುವ ಚಿಕ್ಕ ಮಂಡಲದ ಹೆಸರು ಕ್ರಾಸ್‌ಓವರ್. ಅದರಲ್ಲಿ ಒಂದೆರಡು ತಂತಿ ಸುರುಳಿ, ಕೆಲವು ಕೆಪಾಸಿಟರ್ ಇರುತ್ತವೆ.

ವೂಫರ್‌ನಲ್ಲಿ ದೋಷವಿದ್ದರೆ ದನಿ ತೆಳ್ಳಗಾಗುತ್ತದೆ, ಗರಗರ ಎನ್ನುತ್ತದೆ. ದನಿ ಮಂಕಾದರೆ ದೋಷವನ್ನು ಹುಡುಕಬೇಕಾದದ್ದು ಟ್ವೀಟರ್‌ಗೆ ಹೋಗುವ ದಾರಿಯಲ್ಲಿ. ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಮ್ಯಾಗ್ನೆಟ್ ನಿಜಕ್ಕೂ ಸೊರಗುತ್ತದೆಯೇ?

ಇಂದಿಗೂ ಹೆಚ್ಚಿನ ಸ್ಪೀಕರ್‌ಗಳು ಅನುಸರಿಸುವ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದರು. ಕೋನ್‌ಗೆ ಅಂಟಿಸಿದ ತಂತಿ ಸುರುಳಿಯೊಂದು ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತೂಗುತ್ತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಅದು ಹಿಂದಕ್ಕೂ ಮುಂದಕ್ಕೂ ಆಡುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ.

ಈ ಅಯಸ್ಕಾಂತ ಹೆಚ್ಚಾಗಿ ಫೆರೈಟ್ ಎಂಬ ಕಪ್ಪು ಪಿಂಗಾಣಿಯಂಥ ವಸ್ತುವಿನದು. ಇದು ತನ್ನ ಕಾಂತಗುಣವನ್ನು ಪೂರ್ತಿ ಕಳೆದುಕೊಳ್ಳಬೇಕಾದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಅಟ್ಟದ ಸೆಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸುಮ್ಮನೆ ಇಟ್ಟಿದ್ದರೆ ಹತ್ತಾರು ವರ್ಷಕ್ಕೆ ಆಗುವ ನಷ್ಟ ಕಿವಿಗೆ ತಿಳಿಯುವಷ್ಟಿರುವುದಿಲ್ಲ. ಇನ್ನೂ ಹಳೆಯ ಕೆಲವು ಸ್ಪೀಕರ್‌ಗಳಲ್ಲಿರುವ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ ತುಸು ನಾಜೂಕು. ಅದನ್ನು ಬಿಚ್ಚಿದರೆ ಅಥವಾ ಸುರುಳಿಯಲ್ಲಿ ಮಿತಿಮೀರಿದ ವಿದ್ಯುತ್ ಹರಿಸಿದರೆ ಶಕ್ತಿ ಕುಗ್ಗಬಹುದು. ಸುಮ್ಮನಿದ್ದುದರಿಂದ ಅಲ್ಲ.

ಹಾಗಾದರೆ ವಯಸ್ಸಾಗುವುದು ಯಾವುದಕ್ಕೆ?

ಅಯಸ್ಕಾಂತದ ಸುತ್ತಲಿರುವ ಬಡಪಾಯಿ ಭಾಗಗಳಿಗೆ.

ಜೋಡಣೆಯ ಜಾಗಗಳು: ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ತಂತಿಯ ತುದಿ, ಹಿಂಬದಿಯ ಕ್ಲಿಪ್, ಆಂಪ್ಲಿಫೈಯರ್‌ನ ಸ್ವಿಚ್ಚು ಯಾವುದೂ ಹೊರತಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ.

ಟ್ವೀಟರ್‌ನ ಹೆಚ್ಚುಕಡಿಮೆ ಮಾಡುವ ನಾಬ್: 1960, 70ರ ದಶಕದ ಹಲವು ಸ್ಪೀಕರ್‌ಗಳಲ್ಲಿ ಹಿಂದೆಯೋ ಮುಂದೆಯೋ ಇಂಥದೊಂದು ನಾಬ್ ಇರುತ್ತದೆ. ಟ್ವೀಟರ್‌ಗೆ ಹೋಗುವ ವಿದ್ಯುತ್ತೆಲ್ಲ ಇದರ ಸವರುಕಡ್ಡಿಯ ಮೂಲಕವೇ ದಾಟಬೇಕು. ಅಲ್ಲಿ ಕಿಲುಬು ಕಟ್ಟಿದರೆ ಟ್ವೀಟರ್ ಚೆನ್ನಾಗಿದ್ದರೂ ಮೌನ.

ಕೆಪಾಸಿಟರ್: ಟ್ವೀಟರ್‌ನ ದಾರಿಯಲ್ಲಿರುವ ಕೆಪಾಸಿಟರ್ ಅನೇಕ ಸಲ ಎಲೆಕ್ಟ್ರೋಲಿಟಿಕ್ ಬಗೆಯದು, ಅಂದರೆ ಒಳಗೆ ದ್ರವವಿರುವಂಥದು. ರಬ್ಬರಿನ ಮುಚ್ಚಳದ ಸಂದಿನಿಂದ ದ್ರವ ವರ್ಷಗಟ್ಟಲೆ ನಿಧಾನವಾಗಿ ಆರುತ್ತದೆ. ಆಗ ಎರಡು ತೊಂದರೆ. ಒಂದು, ಒಳಗಿನ ತಡೆ ಏರುತ್ತದೆ. 8 ಓಮ್ ಟ್ವೀಟರ್‌ನ ಮುಂದೆ 2 ಓಮ್ ತಡೆ ಹೊಸದಾಗಿ ಕೂತರೆ ಟ್ವೀಟರ್‌ಗೆ ತಲುಪುವ ಶಕ್ತಿ ಮೊದಲಿದ್ದುದರ 64 ಪ್ರತಿಶತಕ್ಕೆ ಇಳಿಯುತ್ತದೆ. ಎರಡು, ಕೆಪಾಸಿಟರ್‌ನ ಧಾರಕತೆಯೇ ಕುಗ್ಗಬಹುದು. 8 ಓಮ್ ಟ್ವೀಟರ್‌ಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಟ್ವೀಟರ್ ಕೆಲಸ ಹಿಡಿಯುವುದು ಸುಮಾರು 4,200 ಹರ್ಟ್ಸ್‌ನಿಂದ. ಧಾರಕತೆ ಅರ್ಧಕ್ಕಿಳಿದರೆ ಅದು 8,400 ಹರ್ಟ್ಸ್‌ಗೆ ಏರುತ್ತದೆ. ನಡುವಿನ ಸ್ವರಗಳನ್ನು ನೋಡಿಕೊಳ್ಳಲು ಯಾರೂ ಇಲ್ಲದಂತಾಗುತ್ತದೆ.

ಟ್ವೀಟರ್‌ನ ಒಳಗಿನ ಕಾಂತದ್ರವ: 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ದ್ರವವೊಂದನ್ನು ತಯಾರಿಸಿದರು. ತೂಕವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಬೇಕಾದ ಕಡೆ ಎಳೆಯುವುದು ಅವರ ಉದ್ದೇಶವಾಗಿತ್ತು. ಈ ಕಾಂತದ್ರವ 1970ರ ದಶಕದಿಂದ ಟ್ವೀಟರ್‌ಗಳ ಒಳಗೂ ಬಂತು. ಅಯಸ್ಕಾಂತದ ಸಂದಿನಲ್ಲಿ ನಿಂತು ಸುರುಳಿಯ ಬಿಸಿಯನ್ನು ಹೊರಗೆ ಸಾಗಿಸುವುದು, ಅತಿಯಾದ ಅದುರುವಿಕೆಯನ್ನು ತಡೆಯುವುದು ಇದರ ಕೆಲಸ. ಎರಡು ಮೂರು ದಶಕದ ಮೇಲೆ ಇದು ಬೆಲ್ಲದ ಪಾಕದಂತೆ ಗಟ್ಟಿಯಾಗಬಹುದು. ಆಗ ಟ್ವೀಟರ್ ಸತ್ತಿರುವುದಿಲ್ಲ, ಆದರೆ ಅಲುಗಾಡಲು ಒದ್ದಾಡುತ್ತದೆ. ಎಲ್ಲ ಟ್ವೀಟರ್‌ಗಳಲ್ಲೂ ಈ ದ್ರವ ಇರುವುದಿಲ್ಲ.

ವೂಫರ್ ಅಂಚಿನ ಫೋಮ್: ಕೋನ್‌ನ ಸುತ್ತಲಿನ ಮೆತ್ತನೆಯ ಅಂಚು ಪಾಲಿಯುರೆಥೇನ್ ಫೋಮಿನದಾಗಿದ್ದರೆ ತೇವ ಮತ್ತು ಬಿಸಿಗೆ ಕೊಳೆತು ಪುಡಿಯಾಗುತ್ತದೆ, ಸ್ಪೀಕರ್ ಹಾಡಿಸದಿದ್ದರೂ ಸರಿಯೇ. ಇದು ಮಂಕುತನಕ್ಕೆ ಕಾರಣವಲ್ಲ. ಆದರೆ ಪರೀಕ್ಷೆಗೆ ಮೊದಲು ನೋಡಲೇಬೇಕಾದ ಜಾಗ. ಬಟ್ಟೆಯ ಅಥವಾ ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ.

ಜೋಡಿಸುವ ಮುನ್ನ

ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಅಟ್ಟದ ಪೆಟ್ಟಿಗೆಯಲ್ಲಿ ಬೂಷ್ಟು, ಇಲಿ ಹಿಕ್ಕೆ ಎರಡೂ ಇರಬಹುದು. ಬೂಷ್ಟಿನ ಪುಡಿ ಆಸ್ತಮಾ ಇರುವವರಿಗೆ ತೊಂದರೆ ಕೊಡುತ್ತದೆ. ಇಲಿ ಹಿಕ್ಕೆಯನ್ನು ಒಣಗಿದ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ತೆಗೆಯಿರಿ. ಪೆಟ್ಟಿಗೆಯೊಳಗೆ ತುಂಬಿರುವ ಹಳದಿ ಉಣ್ಣೆಯಂಥದು ಗಾಜಿನ ಎಳೆಯಾಗಿರಬಹುದು, ಬರಿಗೈಗೆ ತಾಗಿದರೆ ತುರಿಕೆ.

ಮುಂದಿನ ಬಟ್ಟೆಯ ಜಾಲರಿ ತೆಗೆದು ಫೋಮ್ ಅಂಚನ್ನು ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ. ಪುಡಿ ಉದುರಿದರೆ ಹಾಡಿಸಬೇಡಿ, ಸುರುಳಿ ಅಯಸ್ಕಾಂತಕ್ಕೆ ಉಜ್ಜಿ ಕೆಡುತ್ತದೆ. ಅಂಚನ್ನಷ್ಟೇ ಬದಲಿಸಿಕೊಡುವ, ಕೋನ್ ಕಟ್ಟುವ ಕುಶಲಿಗಳಿದ್ದಾರೆ. ಪೆಟ್ಟಿಗೆ ತೇವವಾಗಿದ್ದರೆ ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಇಡಿ. ಬಿಸಿಲಿಗೆ ಬೇಡ, ಕಾಗದದ ಕೋನ್ ಸೊಟ್ಟಗಾದೀತು, ಅಂಟು ಬಿಟ್ಟೀತು. ಟ್ವೀಟರ್‌ನ ಗುಮ್ಮಟವನ್ನು ಒರೆಸಲು ಹೋಗಬೇಡಿ. ಒಂದು ಒತ್ತಿಗೆ ಅದು ತಗ್ಗಾಗುತ್ತದೆ.

ಆಂಪ್ಲಿಫೈಯರ್ ಕೂಡ ದಶಕಗಳಿಂದ ಮೂಲೆಯಲ್ಲಿದ್ದರೆ ಅದಕ್ಕೆ ನೇರ ಕರೆಂಟ್ ಕೊಡದೆ ಬಲ್ಲವರಿಗೆ ಒಮ್ಮೆ ತೋರಿಸಿ. ಅದರ ಮುಚ್ಚಳವನ್ನು ನೀವು ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಹೊರಗಿನಿಂದ ಒಳಕ್ಕೆ: ಪತ್ತೆ ಹಚ್ಚುವ ಕ್ರಮ

ಪ್ರತಿ ಸಲ ತಂತಿ ಬದಲಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ, ವಾಲ್ಯೂಮ್ ಕಡಿಮೆಯಲ್ಲಿರಲಿ.

1. ಹಾಡಿನ ಮೂಲ ಬದಲಿಸಿ. ಹಳೆಯ ಕ್ಯಾಸೆಟ್ ಪ್ಲೇಯರ್‌ನಿಂದ ಕೇಳುತ್ತಿದ್ದರೆ ಮಂಕುತನ ಅದರದೇ ಇರಬಹುದು. ಟೇಪಿನ ಹೆಡ್ ಮೇಲೆ ಕೊಳೆ ಕಟ್ಟಿದರೆ ಮೊದಲು ಹೋಗುವುದು ಮೇಲಿನ ಸ್ವರಗಳೇ. ಡಾಲ್ಬಿ ಇಲ್ಲದೆ ಮುದ್ರಿಸಿದ ಕ್ಯಾಸೆಟ್ಟಿಗೆ ಡಾಲ್ಬಿ ಗುಂಡಿ ಒತ್ತಿದ್ದರೂ ಹಾಗೆಯೇ. ಮೊಬೈಲ್‌ನಿಂದ, ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುವ ಹಾಡೊಂದನ್ನು ಆಂಪ್ಲಿಫೈಯರ್‌ನ ಆಕ್ಸ್ ಕಿಂಡಿಗೆ ಕೊಟ್ಟು ಕೇಳಿ.

2. ಗುಂಡಿಗಳನ್ನು ನೋಡಿ. ಟ್ರೆಬಲ್ ನಡುವಿನಲ್ಲಿದೆಯೇ? ಹಳೆಯ ಆಂಪ್ಲಿಫೈಯರ್‌ಗಳಲ್ಲಿ ರೆಕಾರ್ಡಿನ ಕರಕರ ತಗ್ಗಿಸಲು ಹೈ ಫಿಲ್ಟರ್ ಎಂಬ ಗುಂಡಿ ಇರುತ್ತಿತ್ತು. ಅದು ಒತ್ತಿಕೊಂಡಿದ್ದರೆ ಮಂಕುತನಕ್ಕೆ ಬೇರೆ ಕಾರಣವೇ ಬೇಡ. ಆಂಪ್ಲಿಫೈಯರ್ ಆಫ್ ಇರುವಾಗ ಎಲ್ಲ ಗುಂಡಿ, ಸ್ವಿಚ್ಚುಗಳನ್ನೂ ಇಪ್ಪತ್ತು ಮೂವತ್ತು ಸಲ ಆಡಿಸಿ. ಕಿಲುಬು ಉಜ್ಜಿಹೋಗುತ್ತದೆ.

3. ತಂತಿಯ ತುದಿ ಕತ್ತರಿಸಿ. ಕಪ್ಪಾದ ತಾಮ್ರವನ್ನು ಕತ್ತರಿಸಿ, ಹೊಳೆಯುವ ಹೊಸ ತುದಿ ಸುಲಿದು ಜೋಡಿಸಿ. ಎರಡೂ ಪೆಟ್ಟಿಗೆಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೇ ಹೋಗಲಿ. ಒಂದರಲ್ಲಿ ಅದಲುಬದಲಾದರೆ ಬೇಸ್ ಸೊರಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಅಲೆಯುತ್ತದೆ.

4. ಎಡಬಲ ಅದಲುಬದಲು ಮಾಡಿ. ಇದೇ ಮುಖ್ಯ ಪರೀಕ್ಷೆ. ಒಂದು ಪೆಟ್ಟಿಗೆ ಮಾತ್ರ ಮಂಕಾಗಿದ್ದರೆ, ಆಂಪ್ಲಿಫೈಯರ್‌ನ ಹಿಂದೆ ಎಡದ ತಂತಿಯನ್ನು ಬಲಕ್ಕೂ ಬಲದ ತಂತಿಯನ್ನು ಎಡಕ್ಕೂ ಹಾಕಿ. ಮಂಕುತನ ಇನ್ನೊಂದು ಪೆಟ್ಟಿಗೆಗೆ ಹೋದರೆ ದೋಷ ಆಂಪ್ಲಿಫೈಯರ್‌ನದು ಅಥವಾ ಅದಕ್ಕೂ ಹಿಂದಿನದು. ಅದೇ ಪೆಟ್ಟಿಗೆಯಲ್ಲೇ ಉಳಿದರೆ ದೋಷ ಪೆಟ್ಟಿಗೆಯದು ಅಥವಾ ಅದರ ತಂತಿಯದು. ತಂತಿಯನ್ನೂ ಬದಲಿಸಿ ನೋಡಿದರೆ ಅದೂ ತೀರ್ಮಾನವಾಗುತ್ತದೆ. ಎರಡೂ ಒಂದೇ ರೀತಿ ಮಂಕಾಗಿದ್ದರೆ, ಚೆನ್ನಾಗಿರುವ ಬೇರೊಂದು ಸ್ಪೀಕರನ್ನು ಅದೇ ಆಂಪ್ಲಿಫೈಯರ್‌ಗೆ ಹಾಕಿ ಹೋಲಿಸಿ.

5. ದಿನಪತ್ರಿಕೆಯ ಕೊಳವೆ ಮಾಡಿ. ಹಳೆಯ ಪತ್ರಿಕೆಯನ್ನು ಸುತ್ತಿ ಒಂದು ತುದಿಯನ್ನು ಟ್ವೀಟರ್ ಎದುರು, ಇನ್ನೊಂದನ್ನು ಕಿವಿಯ ಹತ್ತಿರ ಹಿಡಿಯಿರಿ. ವಾಲ್ಯೂಮ್ ತೀರ ಕಡಿಮೆ ಇರಲಿ. ‘ಸ್ ಸ್’, ‘ಟಿಕ್ ಟಿಕ್’ ಕೇಳಿಸಿದರೆ ಟ್ವೀಟರ್ ಜೀವಂತವಾಗಿದೆ. ಎರಡೂ ಪೆಟ್ಟಿಗೆಗಳಲ್ಲಿ ಹೋಲಿಸಿ. ಏನೂ ಇಲ್ಲದಿದ್ದರೆ ಅಥವಾ ತೀರ ಕ್ಷೀಣವಾಗಿದ್ದರೆ ಮುಂದಿನ ಹಂತಕ್ಕೆ ಹೋಗಿ.

6. ನಾಬ್ ಇದ್ದರೆ ತಿರುಗಿಸಿ. ಹಾಡು ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ. ಆಮೇಲೆ ಹಾಡಿಸುತ್ತಾ ನಿಧಾನವಾಗಿ ತಿರುಗಿಸಿದಾಗ ಟ್ವೀಟರ್ ಬಂದು ಹೋಗುತ್ತಿದ್ದರೆ ಕಳ್ಳ ಸಿಕ್ಕಿದ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ನಾಬ್‌ನ ಒಳಕ್ಕೆ ಮಾತ್ರ ಸ್ವಲ್ಪ ಹಾಕಬಹುದು. ತಲೆಗೆ ಹಚ್ಚುವ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಮಲ್ಟಿಮೀಟರ್ ಮೋಸ ಮಾಡುವ ಜಾಗ

ಇಲ್ಲಿಯವರೆಗೆ ಉತ್ತರ ಸಿಗದಿದ್ದರೆ ಮಲ್ಟಿಮೀಟರ್ ಬೇಕು. ಆದರೆ ಬಹಳ ಜನ ಎಡವುವುದು ಇಲ್ಲೇ. ಪೆಟ್ಟಿಗೆಯ ಹಿಂದಿನ ಕೆಂಪು, ಕಪ್ಪು ಕ್ಲಿಪ್‌ಗಳಿಗೆ ಮೀಟರ್ ಹಿಡಿದು, 6 ಓಮ್ ಬಂತೆಂದು ‘ಸ್ಪೀಕರ್ ಸರಿ ಇದೆ’ ಎನ್ನುತ್ತಾರೆ. ಕೆಪಾಸಿಟರ್ ನೇರ ವಿದ್ಯುತ್ತನ್ನು ದಾಟಲು ಬಿಡುವುದಿಲ್ಲ. ಹಾಗಾಗಿ ಹೊರಗಿನಿಂದ ಅಳೆದಾಗ ಮೀಟರ್‌ಗೆ ಕಾಣುವುದು ವೂಫರ್ ಮಾತ್ರ. ಟ್ವೀಟರ್ ಪೂರ್ತಿ ಸುಟ್ಟಿದ್ದರೂ ಮೀಟರ್ ಅದೇ 6 ಓಮ್ ತೋರಿಸುತ್ತದೆ.

ಟ್ವೀಟರನ್ನು ಬಿಚ್ಚಿ, ಅದರ ಒಂದು ತಂತಿಯನ್ನಾದರೂ ಬಿಡಿಸಿ, ಅದನ್ನೇ ಅಳೆಯಬೇಕು. 8 ಓಮ್ ಎಂದು ಬರೆದಿರುವುದು ಸಾಮಾನ್ಯವಾಗಿ 5.5ರಿಂದ 7 ಓಮ್, 4 ಓಮ್ ಎಂದಿರುವುದು 3ರಿಂದ 3.5 ಓಮ್ ತೋರಿಸುತ್ತದೆ. ಬರೆದದ್ದಕ್ಕಿಂತ ಕಡಿಮೆ ಬಂತೆಂದು ಗಾಬರಿ ಬೇಡ. ಮೀಟರ್ ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ, ಟ್ವೀಟರ್ ಬದಲಿಸಬೇಕು.

ಅಳತೆ ಸರಿಯಾಗಿದ್ದೂ ದನಿ ಕ್ಷೀಣವಾಗಿದ್ದರೆ ಅನುಮಾನ ಇಬ್ಬರ ಮೇಲೆ: ಕೆಪಾಸಿಟರ್ ಅಥವಾ ಗಟ್ಟಿಯಾದ ಕಾಂತದ್ರವ. ಇದಕ್ಕೂ ಅದಲುಬದಲಿನ ಉಪಾಯವೇ ಇದೆ. ಎಡಪೆಟ್ಟಿಗೆಯ ಟ್ವೀಟರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಮಂಕುತನ ಟ್ವೀಟರ್ ಜೊತೆ ಹೋದರೆ ದೋಷ ಟ್ವೀಟರ್‌ನದು. ಪೆಟ್ಟಿಗೆಯಲ್ಲೇ ಉಳಿದರೆ ಕ್ರಾಸ್‌ಓವರ್‌ನದು. ಕೆಪಾಸಿಟರ್ ಬಿಟ್ಟು ಟ್ವೀಟರನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಿ ನೋಡುವ ಸಾಹಸ ಮಾತ್ರ ಬೇಡ. ಕೆಳಗಿನ ಸ್ವರಗಳು ನುಗ್ಗಿ ಕ್ಷಣದಲ್ಲಿ ಅದನ್ನು ಸುಡಬಹುದು.

ಕೆಪಾಸಿಟರ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಮೂರು ವಿಷಯ ಗಮನದಲ್ಲಿರಲಿ. ಮೈಕ್ರೋಫ್ಯಾರಡ್ ಅಂಕಿ ಹಳೆಯದರಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬೇಕು. ಅದು ಪ್ಲಸ್, ಮೈನಸ್ ಭೇದವಿಲ್ಲದ ಬಗೆಯದಾಗಿರಬೇಕು; ಎಲೆಕ್ಟ್ರೋಲಿಟಿಕ್ ಆದರೆ ಮೈಮೇಲೆ ‘ಎನ್‌ಪಿ’ ಅಥವಾ ‘ಬಿಪಿ’ ಎಂದಿರುತ್ತದೆ. ಒಂದು ಪೆಟ್ಟಿಗೆಯದು ಕೆಟ್ಟಿದ್ದರೂ ಎರಡರಲ್ಲೂ ಬದಲಿಸಿ, ಇಲ್ಲದಿದ್ದರೆ ಎಡಬಲದ ದನಿ ಬೇರೆಬೇರೆಯಾಗುತ್ತದೆ. ಒಣಗುವ ಭಯವಿಲ್ಲದ ಫಿಲ್ಮ್ ಕೆಪಾಸಿಟರ್ ಹಾಕಬಹುದು, ಗಾತ್ರ ದೊಡ್ಡದು, ದನಿ ತುಸು ಚೂಪಾದಂತೆ ಅನಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಬಿಡಿಭಾಗಗಳು ಸಿಗುತ್ತವೆ. ಬೆಸುಗೆ ಹಾಕಲು ಬಾರದಿದ್ದರೆ ಹಳೆಯ ರೇಡಿಯೋ, ಟಿವಿ ರಿಪೇರಿ ಮಾಡುವವರು ಮಾಡಿಕೊಡುತ್ತಾರೆ. ‘ಟ್ವೀಟರ್ ಲೈನಿನ ಕೆಪಾಸಿಟರ್ ಬದಲಿಸಿ’ ಎಂದು ನಿಖರವಾಗಿ ಹೇಳಿದರೆ ಅವರಿಗೂ ಸುಲಭ. ಕಾಂತದ್ರವ ಬದಲಿಸುವುದು ಮಾತ್ರ ನಾಜೂಕು ಕೆಲಸ, ಅನುಭವಿಗಳಿಗೇ ಬಿಡಿ.

ಜೋರಾಗಿ ಹಾಡಿಸಿದರೆ ಸರಿಹೋಗುತ್ತದೆಯೇ?

ಬಹಳ ದಿನ ಸುಮ್ಮನಿದ್ದ ವೂಫರ್‌ನ ಅಂಚು ತುಸು ಬಿಗಿಯಾಗಿದ್ದು, ಹಾಡಿಸಿದಂತೆ ಸಡಿಲಾಗುತ್ತದೆ. ಅದರಿಂದ ಬೇಸ್‌ನಲ್ಲಿ ಸ್ವಲ್ಪ ವ್ಯತ್ಯಾಸವಾದೀತು. ಒಣಗಿದ ಕೆಪಾಸಿಟರ್‌ಗೆ ದ್ರವ ತುಂಬುವುದಿಲ್ಲ, ತುಂಡಾದ ಸುರುಳಿ ಕೂಡುವುದಿಲ್ಲ. ಬದಲಿಗೆ ಚಿಕ್ಕ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಏರಿಸಿದಾಗ ಸಂಕೇತದ ತುದಿಗಳು ಕತ್ತರಿಸಿದಂತಾಗಿ, ಇಲ್ಲದ ಮೇಲಿನ ಕಂಪನಗಳು ಹುಟ್ಟಿಕೊಳ್ಳುತ್ತವೆ. ಅವೆಲ್ಲ ಹೋಗಿ ಬೀಳುವುದು ಟ್ವೀಟರ್ ಮೇಲೆಯೇ. ‘ಸರಿಹೋಗಲಿ’ ಎಂದು ಏರಿಸಿದ ವಾಲ್ಯೂಮ್, ಬದುಕಿದ್ದ ಟ್ವೀಟರನ್ನು ಕೊಲ್ಲುವುದು ಹೀಗೆ.

ಕೋಣೆ ಮತ್ತು ಕಿವಿ

ಎಲ್ಲ ಪರೀಕ್ಷೆಯಲ್ಲೂ ಸ್ಪೀಕರ್ ಪಾಸಾದರೆ? ಮೊದಲು ಕೋಣೆ ನೋಡಿ. 100 ಹರ್ಟ್ಸ್ ಶಬ್ದದ ಅಲೆ ಸುಮಾರು 3.4 ಮೀಟರ್ ಉದ್ದ. ಅದು ಸೋಫಾ ಬಳಸಿ ಬರುತ್ತದೆ. 10,000 ಹರ್ಟ್ಸ್ ಅಲೆ 3.4 ಸೆಂಟಿಮೀಟರ್ ಮಾತ್ರ. ಎದುರಿಗೆ ದಿಂಬಿದ್ದರೂ ನಿಂತುಹೋಗುತ್ತದೆ. ದಪ್ಪ ಪರದೆ, ಕಾರ್ಪೆಟ್ ಅದನ್ನು ನುಂಗುತ್ತವೆ. ಟ್ವೀಟರ್ ಕುಳಿತವರ ಕಿವಿಯ ಎತ್ತರದಲ್ಲಿ, ಅವರತ್ತ ಮುಖ ಮಾಡಿರಲಿ. ಪೆಟ್ಟಿಗೆಯನ್ನು ಸೋಫಾದ ಹಿಂದೆ ನೆಲದ ಮೇಲಿಟ್ಟರೆ ಹೊಸ ಸ್ಪೀಕರ್ ಕೂಡ ಮಂಕು.

ಕೊನೆಯದಾಗಿ ಕಿವಿ. ಸ್ಪೀಕರ್ ಅಟ್ಟದಲ್ಲಿದ್ದ ಇಪ್ಪತ್ತು ವರ್ಷ ನಮಗೂ ಕಳೆದಿದೆ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳು. ಅರವತ್ತರ ಆಸುಪಾಸಿನಲ್ಲಿ ಅನೇಕರಿಗೆ 10,000ದಿಂದ 12,000 ಹರ್ಟ್ಸ್‌ಗಿಂತ ಮೇಲಿನದು ಕೇಳಿಸುವುದಿಲ್ಲ.

ಇದಕ್ಕೂ ಅದಲುಬದಲಿನ ಪರೀಕ್ಷೆ ಇದೆ. ಬಲಗಡೆ ಮಂಕು ಅನಿಸಿದರೆ ಸ್ಪೀಕರ್‌ಗಳಿಗೆ ಬೆನ್ನು ಮಾಡಿ ಕುಳಿತು ಕೇಳಿ. ಮಂಕುತನ ಈಗಲೂ ನಿಮ್ಮ ಬಲಗಿವಿಯ ಕಡೆಗೇ ಇದ್ದರೆ ಅದು ಸ್ಪೀಕರ್‌ನದಲ್ಲ. ಎರಡೂ ಕಡೆ ಅನುಮಾನವಿದ್ದರೆ ಮನೆಯ ಮಕ್ಕಳನ್ನು ಕೂರಿಸಿ ಕೇಳಿಸಿ. ಅವರಿಗೆ ತಾಳ ಸ್ಪಷ್ಟವಾಗಿ ಕೇಳಿ ನಿಮಗೆ ಕೇಳದಿದ್ದರೆ ಉತ್ತರ ಸಿಕ್ಕಿತು. ಕಾರಣ ಕಿವಿಯ ಗುಗ್ಗೆಯೂ ಆಗಿರಬಹುದು, ಕಡ್ಡಿ ಹಾಕಬೇಡಿ, ವೈದ್ಯರು ತೆಗೆಯುತ್ತಾರೆ. ‘ಮಾತು ಕೇಳಿಸುತ್ತೆ, ಆದರೆ ಏನು ಅಂತ ಗೊತ್ತಾಗಲ್ಲ’ ಎಂದು ಮನೆಯ ಹಿರಿಯರು ಹೇಳುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಕಾಯಬಾರದು, ಅಂದೇ ವೈದ್ಯರ ಬಳಿ ಹೋಗಬೇಕು.

ಮತ್ತೆ ಎತ್ತಿಡುವುದಾದರೆ

ಅಟ್ಟ, ಅಡುಗೆಮನೆಯ ಪಕ್ಕ, ಒದ್ದೆ ಗೋಡೆಯ ಬದಿ ಬೇಡ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಹೊದಿಸಿ. ಹಿಂಬದಿಯ ತೂತಿಗೆ ಜಾಲರಿ ಕಟ್ಟಿದರೆ ಇಲಿ, ಜಿರಲೆ ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಹಾಡು ಹಾಕಿ ಗುಂಡಿಗಳನ್ನು ಆಡಿಸಿ. ಅಂಥ ಸ್ಪೀಕರ್ ಮುಂದಿನ ತಲೆಮಾರಿಗೂ ಹಾಡುತ್ತದೆ.